ಚಾಂಪಿಯನ್ ಕೊಟ್ಟ ರ‍್ಯಾಕೆಟ್ಟು, ಆಮೇಲಿನ ಕೆಲಸ

ಪಂದ್ಯ ಮುಗಿಸಿ ಹೊರಟ ದೊಡ್ಡ ಆಟಗಾರರೊಬ್ಬರು ಕಿಟ್ ಬ್ಯಾಗಿನಿಂದ ಒಂದು ರ‍್ಯಾಕೆಟ್ ತೆಗೆದು, ಕೋರ್ಟಿನ ಪಕ್ಕದಲ್ಲಿ ಕಣ್ಣರಳಿಸಿ ನಿಂತಿದ್ದ ಹತ್ತು ವರ್ಷದ ಮಗುವಿಗೆ ಕೊಟ್ಟು ಹೋದರೆ ಆ ಮನೆಯಲ್ಲಿ ಹಬ್ಬ. ಮರುದಿನ ಬೆಳಿಗ್ಗೆ ಮಗು ಅದನ್ನೇ ಹಿಡಿದು ಆಡಲು ಹೋಗುತ್ತದೆ. ವಾರ ಕಳೆಯುವಷ್ಟರಲ್ಲಿ ಮೊಣಕೈ ನೋವು ಅನ್ನುತ್ತದೆ. ಹಿಂದಿನ ಗೆರೆಯಿಂದ ಹೊಡೆದ ಶಟಲ್ ಎದುರು ಕೋರ್ಟಿನ ಮಧ್ಯಕ್ಕೇ ಬಂದು ಬೀಳತೊಡಗುತ್ತದೆ. ಇದರಲ್ಲಿ ಕೊಟ್ಟವರದ್ದೂ ತಪ್ಪಿಲ್ಲ, ಮಗುವಿನದ್ದೂ ತಪ್ಪಿಲ್ಲ. ತೊಂದರೆ ಇರುವುದು ಗಟ್ಟಿಂಗಿನಲ್ಲಿ, ಅಂದರೆ ರ‍್ಯಾಕೆಟ್ಟಿಗೆ ತಂತಿ ಬಿಗಿದಿರುವ ರೀತಿಯಲ್ಲಿ.

ಪಂದ್ಯ ಆಡುವ ದೊಡ್ಡವರು 26ರಿಂದ 30 ಪೌಂಡ್ ಬಿಗಿಯಲ್ಲಿ ಗಟ್ಟಿಂಗ್ ಹಾಕಿಸಿಕೊಳ್ಳುತ್ತಾರೆ. ಬಿಗಿ ಹೆಚ್ಚಾದಷ್ಟೂ ಶಟಲ್ ಹೇಳಿದ ಮಾತು ಕೇಳುತ್ತದೆ, ಆದರೆ ತಂತಿ ತಾನಾಗಿ ಚಿಮ್ಮುವುದು ಕಡಿಮೆಯಾಗುತ್ತದೆ. ಹೊಡೆತದ ಬಲವೆಲ್ಲ ತೋಳಿನ ವೇಗದಿಂದಲೇ ಬರಬೇಕು. ಚೆನ್ನಾಗಿ ತಾಗುವ ಜಾಗವೂ ನಡುಮಧ್ಯಕ್ಕೆ ಕುಗ್ಗುತ್ತದೆ, ಸ್ವಲ್ಪ ಆಚೀಚೆ ತಾಗಿದರೂ ಪೆಟ್ಟು ಮೊಣಕೈಗೆ. ಹತ್ತು ವರ್ಷದ ಕೈಗೆ 18ರಿಂದ 20 ಪೌಂಡ್ ಸಾಕು. ಹಾಗಾಗಿ ಅಂಥ ರ‍್ಯಾಕೆಟ್ ಮನೆಗೆ ಬಂದರೆ ಮಾಡಬೇಕಾದ ಮೊದಲ ಕೆಲಸ ತಂತಿ ಕತ್ತರಿಸುವುದು. ಅಯ್ಯೋ, ಅವರು ಆಡಿದ ತಂತಿ ಅಲ್ಲವೇ ಎಂದು ಮನಸ್ಸು ಹಿಂಜರಿಯುತ್ತದೆ, ಸಹಜ. ಬೇಕಾದರೆ ಕತ್ತರಿಸಿದ ತಂತಿಯನ್ನು ಒಂದು ಲಕೋಟೆಗೆ ಹಾಕಿ ಇಟ್ಟುಕೊಳ್ಳಲಿ, ರ‍್ಯಾಕೆಟ್ ಮಾತ್ರ ಆಡುವುದಕ್ಕೆ ಬರಬೇಕು.

ಕತ್ತರಿಸುವುದಕ್ಕೂ ಕ್ರಮವಿದೆ. ನಡುಮಧ್ಯದಿಂದ ಶುರು ಮಾಡಿ, ಒಂದು ಉದ್ದದ ಎಳೆ, ಒಂದು ಅಡ್ಡದ ಎಳೆ, ಹೀಗೆ ಹೊರಗೆ ಹೋಗಬೇಕು. ಒಂದೇ ಬದಿಯಿಂದ ಕತ್ತರಿಸುತ್ತ ಬಂದರೆ ಇನ್ನೊಂದು ಬದಿಯ ಎಳೆತಕ್ಕೆ ಫ್ರೇಮು ಸೊಟ್ಟಗಾಗುತ್ತದೆ. ಕಾರ್ಬನ್ ಫ್ರೇಮು ಸೊಟ್ಟಗಾಗಿ ಸುಮ್ಮನಿರುವುದಿಲ್ಲ, ಸೀಳುತ್ತದೆ. ಆಡುವಾಗ ಒಂದೇ ಒಂದು ತಂತಿ ಹರಿದರೂ ಅವತ್ತೇ ಉಳಿದವನ್ನೆಲ್ಲ ಕತ್ತರಿಸಬೇಕು ಎಂದು ಗಟ್ಟಿಂಗ್ ಹಾಕುವವರು ಹೇಳುವುದು ಇದೇ ಕಾರಣಕ್ಕೆ.

ತಂತಿ ತೆಗೆದ ಮೇಲೆ ಫ್ರೇಮನ್ನು ಬೆಳಕಿಗೆ ಹಿಡಿದು ಉಗುರಿನಿಂದ ಸವರಿ ನೋಡಬೇಕು. ಡಬಲ್ಸ್ ಆಡುವವರ ರ‍್ಯಾಕೆಟ್ ಜೊತೆಗಾರನ ರ‍್ಯಾಕೆಟ್ಟಿಗೆ ತಾಗಿ ಮೇಲ್ಭಾಗದಲ್ಲಿ ಬಣ್ಣ ಹೋಗಿರುತ್ತದೆ. ಬಣ್ಣ ಹೋಗಿದ್ದರೆ ಚಿಂತೆಯಿಲ್ಲ, ಉಗುರು ಸಿಕ್ಕಿಕೊಂಡರೆ ಅದು ಬಿರುಕು. ಬಿರುಕಿದ್ದರೆ ಅದಕ್ಕೆ ಗಟ್ಟಿಂಗ್ ಹಾಕಿಸಬಾರದು, ನೆನಪಿಗೆಂದು ಗೋಡೆಗೆ ಹಾಕಿಬಿಡಬೇಕು. ತಂತಿ ಹಾಯುವ ರಂಧ್ರಗಳಲ್ಲಿ ಗ್ರಾಮೆಟ್ ಎಂಬ ಪುಟ್ಟ ಪ್ಲಾಸ್ಟಿಕ್ ಕೊಳವೆಗಳಿರುತ್ತವೆ. ಅವು ಒಡೆದಿದ್ದರೆ ಹೊಸ ತಂತಿ ಆ ಒಡಕಿನ ಅಂಚಿಗೇ ಉಜ್ಜಿ ವಾರದಲ್ಲಿ ಹರಿಯುತ್ತದೆ, ಆಮೇಲೆ ತಂತಿಯೇ ಕಳಪೆ ಎಂದು ಬೈಯುತ್ತೇವೆ. ಒಡೆದವನ್ನು ಬದಲಾಯಿಸಿಕೊಡಿ ಎಂದು ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಬೇಕು.

ತಂತಿ ತೀರಾ ತೆಳ್ಳಗಿನದು ಬೇಡ. 0.70 ಮಿ.ಮೀ. ದಪ್ಪದ, ಯೋನೆಕ್ಸ್ ಬಿಜಿ 65 ಥರದ್ದು, ಕಲಿಯುವ ಮಕ್ಕಳ ಕೈಯಲ್ಲಿ ಬಾಳಿಕೆ ಬರುತ್ತದೆ. ಒಂದು ರ‍್ಯಾಕೆಟ್ಟಿಗೆ ಸುಮಾರು 10 ಮೀಟರ್ ತಂತಿ ಬೇಕು. ಅಡ್ಡ ಎಳೆಗಳನ್ನು ಉದ್ದದವಕ್ಕಿಂತ ಒಂದೆರಡು ಪೌಂಡ್ ಬಿಗಿಯಾಗಿ ಎಳೆಯುವುದು ರೂಢಿ. ಹಾಕಿದ ಮೊದಲ ದಿನವೇ ಬಿಗಿ ಸ್ವಲ್ಪ ಇಳಿಯುತ್ತದೆ, ಅದಕ್ಕಾಗಿ ಮೊದಲೇ ನಾಲ್ಕು ಪೌಂಡ್ ಹೆಚ್ಚು ಹಾಕಿಸುವ ಜಾಣತನ ಮಕ್ಕಳ ವಿಷಯದಲ್ಲಿ ಬೇಡ. ಹಿಡಿಯ ಮೇಲೆ ದೊಡ್ಡವರು ಎರಡು ಮೂರು ಪದರ ಗ್ರಿಪ್ ಸುತ್ತಿರುತ್ತಾರೆ. ಎಲ್ಲವನ್ನೂ ಮರದ ತನಕ ಬಿಚ್ಚಿ, ಕೆಳತುದಿಯಿಂದ ಶುರು ಮಾಡಿ ಒಂದೇ ಪದರ ಓರೆಯಾಗಿ ಸುತ್ತಬೇಕು. ಮಗು ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಒಂದು ಕಿರುಬೆರಳಿನಷ್ಟು ಸಂದು ಉಳಿಯಬೇಕು. ಇನ್ನು ತೂಕ. 85 ಗ್ರಾಂ ದಾಟಿದ, ತಲೆಭಾರದ ರ‍್ಯಾಕೆಟ್ ಆದರೆ ಏನು ಮಾಡಿದರೂ ಹತ್ತರ ವಯಸ್ಸಿಗೆ ಒಗ್ಗದು. ತಂತಿ ತೆಗೆದು, ಬಟ್ಟೆ ಸುತ್ತಿ, ಹದಿಮೂರು ಹದಿನಾಲ್ಕು ತುಂಬುವ ತನಕ ಬೀರುವಿನಲ್ಲಿಡಬೇಕು. ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಂತೂ ಯಾವ ರ‍್ಯಾಕೆಟ್ಟನ್ನೂ ಬಿಡಬಾರದು.

ಇಷ್ಟು ಕೂಲಂಕಷವಾಗಿ ಹೇಳುವುದಕ್ಕೆ ಕಾರಣವಿದೆ. ಹೀರೊ ಒಬ್ಬರ ಒಳ್ಳೆಯತನದಿಂದ ಒಂದು ಮಗುವಿನ ಬದುಕೇ ಬದಲಾಯಿತು ಎಂಬ ಕಥೆಗಳಲ್ಲಿ ರ‍್ಯಾಕೆಟ್ ಕೈಗೆ ಬಂದ ಗಳಿಗೆ ಇರುತ್ತದೆ, ಅರ್ಜುನ ಪ್ರಶಸ್ತಿ ಬಂದ ಗಳಿಗೆ ಇರುತ್ತದೆ. ನಡುವಿನ ಹತ್ತು ಹನ್ನೆರಡು ವರ್ಷ ಇರುವುದಿಲ್ಲ. ಒಳ್ಳೆಯತನ ಕೆಲಸ ಮಾಡುವುದು ಆ ನಡುವಿನಲ್ಲಿ. ಮಗುವಿನ ಅಳತೆಗೆ ಹೊಂದಿಕೊಂಡರೆ ಮಾತ್ರ ಮಾಡುತ್ತದೆ. ಬೆಂಗಳೂರಿನ ಬ್ಯಾಡ್ಮಿಂಟನ್ನಿನಲ್ಲಿ ಇದಕ್ಕೆ ದೊಡ್ಡ ಸಾಕ್ಷಿ ಪ್ರಕಾಶ್ ಪಡುಕೋಣೆ.

ಪ್ರಕಾಶರು ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ. ಅದು ಮದುವೆ ಮುಂಜಿಗಳಿಗೆ ಬಾಡಿಗೆಗೆ ಹೋಗುತ್ತಿದ್ದ ಸಭಾಂಗಣ. ಸಮಾರಂಭ ಇದ್ದ ದಿನ ಆಟವಿಲ್ಲ. ಇವತ್ತು ಹಾಲ್ ಖಾಲಿಯಿದೆಯೇ ಎಂದು ನೋಡಿಕೊಂಡು, ಇದ್ದರೆ ಶಾಲೆ ಮುಗಿಸಿ ಅಲ್ಲಿಗೆ ಓಡುವುದು. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕೆಲಸದಲ್ಲಿ ತೊಡಗಿಕೊಂಡಿದ್ದವರು, ಆದ್ದರಿಂದ ಮನೆಯಲ್ಲಿ ಆಟದ ವಾತಾವರಣವಿತ್ತು. ಕಣ್ಣಮುಂದೆ ಇಂಡೊನೇಷ್ಯಾದ ರೂಡಿ ಹಾರ್ಟೊನೊ ಇದ್ದರು, ಬ್ಯಾಡ್ಮಿಂಟನ್ನಿನ ದೊಡ್ಡ ಟೂರ್ನಿಯಾದ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಎಂಟು ಸಲ ಗೆದ್ದ ಮಹಾನುಭಾವ. ಆ ಹಾಲಿನಿಂದ ಹೊರಟ ಹುಡುಗ 1971ರಿಂದ 1979ರ ತನಕ ಸಾಲಾಗಿ ಒಂಬತ್ತು ವರ್ಷ ರಾಷ್ಟ್ರೀಯ ಚಾಂಪಿಯನ್ ಆದರು, 1978ರಲ್ಲಿ ಎಡ್ಮಂಟನ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. 1980ರ ಮಾರ್ಚಿನಲ್ಲಿ ಆಲ್ ಇಂಗ್ಲೆಂಡ್ ಫೈನಲಿನಲ್ಲಿ ಇಂಡೊನೇಷ್ಯಾದವರೇ ಆದ ಲಿಯೆಮ್ ಸ್ವೀ ಕಿಂಗ್ ಅವರನ್ನು 15–3, 15–10ರಿಂದ ಸೋಲಿಸಿದರು. ಕಿಂಗ್ ಅವರ ಎಗರಿ ಹೊಡೆಯುವ ಸ್ಮ್ಯಾಶ್ ಆ ಕಾಲಕ್ಕೆ ಎಲ್ಲರನ್ನೂ ಹೆದರಿಸಿದ್ದ ಹೊಡೆತ. ಪ್ರಕಾಶರು ಆ ಹೊಡೆತಕ್ಕೆ ಬೇಕಾದ ಎತ್ತರದ ಶಟಲನ್ನೇ ಹೆಚ್ಚು ಕೊಡಲಿಲ್ಲ. ಮಣಿಕಟ್ಟಿನ ಆಟ, ನೆಟ್ಟಿನ ಅಂಚಿಗೆ ಬೀಳುವ ಡ್ರಾಪ್, ಅರ್ಧ ವೇಗದ ಸ್ಮ್ಯಾಶ್, ಇವುಗಳಲ್ಲೇ ಪಂದ್ಯ ಮುಗಿಸಿದರು.

ಆಮೇಲೆ ಅವರು ಡೆನ್ಮಾರ್ಕಿಗೆ ಹೋಗಿ ನೆಲೆಸಿ ಆಡಿದರು. ದಿನಾ ಸಿಗುವ ಕೋರ್ಟು, ದಿನಾ ಸಿಗುವ ಒಳ್ಳೆಯ ಎದುರಾಳಿ, ಎರಡೂ ಒಂದೇ ಕಡೆ ಇದ್ದರೆ ಆಟ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಅಲ್ಲಿನ ಕ್ಲಬ್ಬುಗಳು ಉದಾಹರಣೆ. 1994ರಲ್ಲಿ ವಿಮಲ್ ಕುಮಾರ್ ಮೊದಲಾದವರ ಜೊತೆ ಸೇರಿ ಬೆಂಗಳೂರಿನಲ್ಲಿ ಅಕಾಡೆಮಿ ಶುರು ಮಾಡಿದಾಗ ಪ್ರಕಾಶರು ಮಕ್ಕಳಿಗೆ ಕೊಟ್ಟದ್ದು ತಮಗೆ ಸಿಗದೇ ಹೋಗಿದ್ದನ್ನು, ಮದುವೆಯ ಸೀಸನ್ನಿನಲ್ಲೂ ಬಾಗಿಲು ಮುಚ್ಚದ ಕೋರ್ಟು. ಜೊತೆಗೆ ಬೆವರಿಳಿಸುವ ಜೊತೆಗಾರರು, ತಪ್ಪು ತೋರಿಸಲು ಗೆದ್ದು ಬಂದ ಕಣ್ಣು. ಇದು ಹಸ್ತಾಕ್ಷರಕ್ಕಿಂತ, ತಲೆ ಸವರುವುದಕ್ಕಿಂತ ತೂಕದ ಒಳ್ಳೆಯತನ. ದಿನವೂ ಬೆಳಿಗ್ಗೆ ಎದ್ದು ಮಾಡಬೇಕಾದ ಒಳ್ಳೆಯತನ.

ಅಲ್ಲಿ ಪಳಗಿದವರಲ್ಲಿ ಪುಲ್ಲೇಲ ಗೋಪಿಚಂದ್ ಒಬ್ಬರು. ಹೈದರಾಬಾದಿನ ಹುಡುಗ. ಮೊಣಕಾಲಿನ ಗಂಭೀರ ಗಾಯ, ಶಸ್ತ್ರಚಿಕಿತ್ಸೆ, ಇನ್ನು ಆಟ ಮುಗಿಯಿತು ಎನ್ನುವಂಥ ಸ್ಥಿತಿ. ಅದನ್ನು ದಾಟಿ 1996ರಿಂದ ಸಾಲಾಗಿ ಐದು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 2001ರಲ್ಲಿ ಚೀನಾದ ಚೆನ್ ಹಾಂಗ್ ಅವರನ್ನು 15–12, 15–6ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದ ಎರಡನೇ ಭಾರತೀಯರಾದರು. ಮಕ್ಕಳ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ತಂಪು ಪಾನೀಯದ ಜಾಹೀರಾತನ್ನು ಬೇಡವೆಂದರು. ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಅಕಾಡೆಮಿ ಕಟ್ಟಲು ಸ್ವಂತ ಮನೆಯನ್ನೇ ಅಡವಿಟ್ಟರು. ಸೈನಾ ನೆಹವಾಲ್ ಅವರ 2012ರ ಒಲಿಂಪಿಕ್ ಕಂಚು, ಪಿ.ವಿ. ಸಿಂಧು ಅವರ 2016ರ ಒಲಿಂಪಿಕ್ ಬೆಳ್ಳಿ ಆ ಅಂಗಳದಿಂದ ಬಂದವು. ಪ್ರಕಾಶರಿಂದ ಗೋಪಿಚಂದರಿಗೆ ದಾಟಿದ್ದು ಹೊಡೆತಗಳಿಗಿಂತ ಹೆಚ್ಚಾಗಿ ಈ ರೂಢಿ ಎಂದು ನಾವು ನಂಬುತ್ತೇವೆ. ಗೆದ್ದವನು ಕೋರ್ಟು ಕಟ್ಟಬೇಕು ಎಂಬ ರೂಢಿ.

ಈ ಒಳ್ಳೆಯತನ ಯಾವಾಗಲೂ ಸಿಹಿಯಾಗಿರುತ್ತದೆ ಎಂದು ತಿಳಿಯಬಾರದು. ಬೆಂಗಳೂರಿನ ಅದೇ ಅಕಾಡೆಮಿಯಲ್ಲಿ ಚಿಕ್ಕಂದಿನಿಂದ ಬೆಳೆದ ಲಕ್ಷ್ಯ ಸೇನ್ 2022ರಲ್ಲಿ ಆಲ್ ಇಂಗ್ಲೆಂಡ್ ಫೈನಲ್ ತಲುಪಿದರು, ಅದೇ ವರ್ಷ ಭಾರತ ಪುರುಷರ ತಂಡಗಳ ವಿಶ್ವ ಟೂರ್ನಿಯಾದ ಥಾಮಸ್ ಕಪ್ ಗೆದ್ದಾಗ ಮೊದಲ ಸಿಂಗಲ್ಸ್ ಆಡಿದರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಂಚಿನ ಪಂದ್ಯ ಕೈತಪ್ಪಿತು. ಅವತ್ತು ಮಾರ್ಗದರ್ಶಕರಾಗಿ ಅಲ್ಲೇ ಇದ್ದ ಪ್ರಕಾಶರು, ಸೌಲಭ್ಯ ಎಲ್ಲ ಸಿಗುತ್ತಿರುವಾಗ ಆಟಗಾರರೂ ಹೊಣೆ ಹೊರಬೇಕು ಎಂದು ಎಲ್ಲರೆದುರೇ ನೇರವಾಗಿ ಹೇಳಿದರು. ಹಲವರಿಗೆ ಅದು ಕಟುವೆನಿಸಿತು. ಸೋತ ದಿನ ಬೆನ್ನು ತಟ್ಟುವವರು ಸಾವಿರ ಜನ ಸಿಗುತ್ತಾರೆ. ಹುಡುಗನ ಆಟವನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದವರಿಗೆ ಮಾತ್ರ ಅಂಥ ಮಾತಿನ ಅಧಿಕಾರವಿರುತ್ತದೆ.

ಕಲಿಕೆಯ ಕೋರ್ಟಿನಲ್ಲಿ ಹೀರೊ ಒಬ್ಬರ ಎರಡು ನಿಮಿಷ ಏನು ಮಾಡಬಲ್ಲದು ಎಂಬುದಕ್ಕೆ ರ‍್ಯಾಕೆಟ್ ಹಿಡಿಯುವ ಕ್ರಮ ಒಳ್ಳೆಯ ಉದಾಹರಣೆ. ತಾವಾಗಿ ಆಟ ಕಲಿತ ಮಕ್ಕಳಲ್ಲಿ ಬಹುಪಾಲು ಮಂದಿ ರ‍್ಯಾಕೆಟ್ಟನ್ನು ದೋಸೆ ಮಗುಚುವ ಸಟ್ಟುಗದ ಹಾಗೆ ಹಿಡಿಯುತ್ತಾರೆ, ತಂತಿಯ ಮುಖ ನೆಟ್ಟಿಗೆ ನೇರವಾಗಿ, ಹೆಬ್ಬೆರಳು ಅಗಲ ಮುಖದ ಮೇಲೆ. ಆ ಹಿಡಿತದಲ್ಲಿ ಎದುರಿಗೆ ಬಂದದ್ದನ್ನು ತಳ್ಳಬಹುದು. ತಲೆಯ ಮೇಲಿನ ಶಟಲಿಗೆ ಮುಂದೋಳು ತಿರುಗುವುದೇ ಇಲ್ಲ, ಆದ್ದರಿಂದ ಬಲ ಬರುವುದಿಲ್ಲ. ಹಿಡಿಯಲ್ಲಿ ಎಂಟು ಮುಖಗಳಿವೆ. ಫೋರ್‌ಹ್ಯಾಂಡಿಗೆ ರ‍್ಯಾಕೆಟ್ಟನ್ನು ಅಂಚಿನ ಮೇಲೆ ನಿಲ್ಲಿಸಿ, ಕೈಕುಲುಕುವಂತೆ ಹಿಡಿದಾಗ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಕವಲು ಮೇಲಿನ ಸಣ್ಣ ಮುಖದ ಎಡ ಅಂಚಿಗೆ ಬರಬೇಕು, ಎಡಚರಿಗೆ ಇದು ಅದಲುಬದಲು. ಬ್ಯಾಕ್‌ಹ್ಯಾಂಡಿಗೆ ಬೆರಳುಗಳಲ್ಲೇ ಹಿಡಿಯನ್ನು ಸ್ವಲ್ಪ ಹೊರಳಿಸಿ ಹೆಬ್ಬೆರಳನ್ನು ಅಗಲ ಮುಖಕ್ಕೆ ಒತ್ತಬೇಕು. ಶಟಲ್ ತಾಗುವ ಗಳಿಗೆಯ ತನಕ ಬೆರಳುಗಳು ಸಡಿಲ, ತಾಗುವಾಗ ಮಾತ್ರ ಬಿಗಿ.

ಇದನ್ನು ತೋರಿಸಲು ಎರಡು ನಿಮಿಷ ಸಾಕು. ಕೈಗೆ ಹತ್ತಲು ಮೂರು ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಆ ವಾರಗಳಲ್ಲಿ ಆಟ ಕೆಡುತ್ತದೆ. ಹೋದ ತಿಂಗಳು ಸೋಲಿಸಿದ್ದ ಹುಡುಗಿಯ ಎದುರು ಈಗ ಸೋಲಾಗುತ್ತದೆ. ಶಟಲ್ ಫ್ರೇಮಿಗೆ ತಾಗಿ ಪಕ್ಕದ ಕೋರ್ಟಿಗೆ ಹಾರುತ್ತದೆ. ಮಗು ಯಾರೂ ನೋಡದಿದ್ದಾಗ ಹಳೆಯ ಹಿಡಿತಕ್ಕೆ ಹೊರಳುತ್ತದೆ, ಅಪ್ಪ ಅಮ್ಮ ಕೋಚನ್ನು ಕೇಳುತ್ತಾರೆ, ಇಷ್ಟು ದಿನ ಚೆನ್ನಾಗಿದ್ದದ್ದನ್ನು ಯಾಕೆ ಬದಲಾಯಿಸಿದಿರಿ ಸರ್ ಎಂದು. ದಿನವೂ ಕಲಿಸುವ ಕೋಚ್ ಈ ಬದಲಾವಣೆಯನ್ನು ಆರು ತಿಂಗಳಿನಿಂದ ಹೇಳುತ್ತಿದ್ದಿರಬಹುದು. ಟಿವಿಯಲ್ಲಿ ನೋಡಿದ ಆಟಗಾರರು ಬಂದು, ಮಗುವಿನ ಹೆಬ್ಬೆರಳನ್ನು ಹಿಡಿದು ಅರ್ಧ ಇಂಚು ಸರಿಸಿ, “ಸ್ವಲ್ಪ ದಿನ ಹೊಡೆತ ಕೆಡುತ್ತೆ ಪುಟ್ಟಾ, ಬಿಡಬೇಡ, ಹೀಗೇ ಹಿಡಿ” ಎಂದರೆ ಮಗು ಆ ಕೆಟ್ಟ ವಾರಗಳನ್ನು ಹಲ್ಲುಕಚ್ಚಿ ದಾಟುತ್ತದೆ. ಹೀರೊನ ಮಾತಿನಲ್ಲಿ ತಂತ್ರದ ಹೊಸ ಗುಟ್ಟು ಇರಬೇಕಾಗಿಲ್ಲ. ಆಟ ಕೆಡುವ ಕಾಲದಲ್ಲಿ ಮಗು ತಡೆದುಕೊಳ್ಳುವುದಕ್ಕೆ ಬೇಕಾದ ನಂಬಿಕೆ ಅದರಲ್ಲಿರುತ್ತದೆ. ವೃತ್ತಿಗಳು ಹುಟ್ಟುವುದು ಅಲ್ಲಿ.

ಅದಕ್ಕೇ ದೊಡ್ಡ ಆಟಗಾರರಲ್ಲಿ ಒಂದು ಕೋರಿಕೆ. “ನೀನು ಇಂಡಿಯಾಗೆ ಆಡ್ತೀಯ” ಎಂದು ಹೇಳಬೇಡಿ. ಆ ಮಾತನ್ನು ಮನೆಯವರು ಮಂತ್ರದಂತೆ ಹಿಡಿದುಕೊಳ್ಳುತ್ತಾರೆ, ಮಗು ಹೊರಲಾರದೆ ಬಳಲುತ್ತದೆ. ಮಾಡಿಕೊಂಡು ಬರುವಂಥ ಒಂದೇ ಒಂದು ಕೆಲಸ ಹೇಳಿ, ಮತ್ತೆ ನೋಡುತ್ತೇನೆ ಎನ್ನಿ, ನೋಡಿ.

ಹೀಗೆ ಕರಾರುವಾಕ್ಕಾಗಿ ಸಹಾಯ ಮಾಡುವ ಗುಣಕ್ಕೆ ಬೆಂಗಳೂರಿನ ಇನ್ನೊಬ್ಬರನ್ನು ನೆನೆಯಬೇಕು. ರಾಹುಲ್ ದ್ರಾವಿಡ್. 2010ರಲ್ಲಿ ಇಂಗ್ಲೆಂಡಿನ ಕೆವಿನ್ ಪೀಟರ್ಸನ್ ಎಡಗೈ ಸ್ಪಿನ್ನರುಗಳೆದುರು ತಡಬಡಾಯಿಸುತ್ತಿದ್ದಾಗ ದ್ರಾವಿಡ್ ತಾವಾಗಿ ಪೀಟರ್ಸನ್‌ಗೆ ಒಂದು ದೀರ್ಘ ಇಮೇಲ್ ಬರೆದರು. ನೆಟ್ಸಿನಲ್ಲಿ ಪ್ಯಾಡ್ ಕಟ್ಟದೆ ಸ್ಪಿನ್ನರುಗಳನ್ನು ಆಡಿ ನೋಡಿ ಎಂಬುದು ಅದರಲ್ಲಿದ್ದ ಮುಖ್ಯ ಸಲಹೆ. ಪ್ಯಾಡ್ ಇಲ್ಲದಿದ್ದರೆ ಕಾಲಿಗೆ ಪೆಟ್ಟು ಬೀಳುವ ಭಯಕ್ಕೆ ಕಣ್ಣು ಚೆಂಡನ್ನು ಬಿಡುವುದಿಲ್ಲ, ಬ್ಯಾಟು ತಾನಾಗಿ ಕಾಲಿಗಿಂತ ಮುಂದೆ ಬರುತ್ತದೆ. ಪಂದ್ಯಕ್ಕೆ ತೀರಾ ಹತ್ತಿರದಲ್ಲಿ ಹೀಗೆ ಮಾಡಬೇಡಿ ಎಂಬ ಎಚ್ಚರಿಕೆಯೂ ಇತ್ತು. ಎದುರಾಳಿ ದೇಶದ ಆಟಗಾರನಿಗೆ ಬರೆದ ಪತ್ರ ಅದು, ಪೀಟರ್ಸನ್ ಅದನ್ನು ಮುಂದೆ ತಾವೇ ಬಹಿರಂಗಪಡಿಸಿದರು. 2018ರಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದಾಗ ಕೋಚ್ ದ್ರಾವಿಡ್‌ಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಎಂದು ಕ್ರಿಕೆಟ್ ಮಂಡಳಿ ಘೋಷಿಸಿತ್ತು. ಈ ತಾರತಮ್ಯ ಸರಿಯಲ್ಲ ಎಂದು ಅವರು ಕೇಳಿಕೊಂಡ ಮೇಲೆ ಎಲ್ಲರಿಗೂ 25 ಲಕ್ಷವಾಯಿತು. ಅವರ ಕೈಗೆ ಬರಬೇಕಿದ್ದದ್ದು ಅರ್ಧಕ್ಕಿಳಿಯಿತು. ಬೆಂಗಳೂರಿನ ಉತ್ತರದಂಚಿನಲ್ಲಿರುವ ಕ್ರೀಡಾ ಕೇಂದ್ರಕ್ಕೆ ಪಡುಕೋಣೆ, ದ್ರಾವಿಡ್ ಇಬ್ಬರ ಹೆಸರೂ ಜೊತೆಯಾಗಿರುವುದು ನಮಗೆ ತುಂಬಾ ಸಂತೋಷ ಕೊಡುವ ಸಂಗತಿ.

ಎಲ್ಲರೂ ಅಕಾಡೆಮಿ ಕಟ್ಟಲಾಗುವುದಿಲ್ಲ, ನಿಜ. ಬ್ಯಾಡ್ಮಿಂಟನ್ನಿನಲ್ಲಿ ಹಿರಿಯರು ಸುಲಭವಾಗಿ ಕೊಡಬಹುದಾದದ್ದು, ಕೊಟ್ಟರೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು, ಬಳಸಿದ ಶಟಲ್. ಈ ಆಟದಲ್ಲಿ ಮಧ್ಯಮ ವರ್ಗದ ಮನೆಯನ್ನು ಹಣ್ಣು ಮಾಡುವುದು ರ‍್ಯಾಕೆಟ್ಟಲ್ಲ, ಗರಿಯ ಶಟಲ್. ರ‍್ಯಾಕೆಟ್ ವರ್ಷಗಟ್ಟಲೆ ಬರುತ್ತದೆ, ಶಟಲ್ ಒಂದು ಬಿರುಸಿನ ಗೇಮಿನಲ್ಲೇ ಮುಗಿಯಬಹುದು. ಒಂದು ಶಟಲಿಗೆ 16 ಗರಿ, ತೂಕ 4.74ರಿಂದ 5.50 ಗ್ರಾಂ. ದೊಡ್ಡವರು ಒಂದು ಗರಿ ಮುರಿದರೂ ಬದಿಗೆ ಎಸೆಯುತ್ತಾರೆ. ಆ ಬದಿಯ ರಾಶಿಯನ್ನು ಚೀಲಕ್ಕೆ ತುಂಬಿ ಮಕ್ಕಳ ಬ್ಯಾಚಿಗೆ ಕೊಡುವ ಆಟಗಾರರು ಬೆಂಗಳೂರಿನ ಕೋರ್ಟುಗಳಲ್ಲಿದ್ದಾರೆ. ಅವರ ಹೆಸರು ಪೇಪರಿನಲ್ಲಿ ಬರುವುದಿಲ್ಲ, ಅವರಿಗೆ ನಮ್ಮ ನಮಸ್ಕಾರ.

ಚೀಲ ಬಂದ ಮೇಲೆ ವಿಂಗಡಿಸಬೇಕು. ಗರಿಯೆಲ್ಲ ನೆಟ್ಟಗಿದ್ದು ತುದಿ ಮಾತ್ರ ಸವೆದವು ರ‍್ಯಾಲಿ ಆಡಲು ಆಗುತ್ತವೆ. ಒಂದೆರಡು ಗರಿ ಬಾಗಿದವು ನೆಟ್ಟಿನ ಹತ್ತಿರದ ಅಭ್ಯಾಸಕ್ಕೆ, ಬುಟ್ಟಿಯಿಂದ ಒಂದಾದ ಮೇಲೊಂದು ಎಸೆದುಕೊಡುವ ಮಲ್ಟಿ ಶಟಲಿಗೆ. ಮಕ್ಕಳಿಗೆ ಒಂದು ಸುತ್ತಿಗೆ 15ರಿಂದ 20 ಶಟಲ್, ನಡುವೆ ಒಂದರಿಂದ ಒಂದೂವರೆ ನಿಮಿಷ ವಿಶ್ರಾಂತಿ, ಐದು ಸುತ್ತು ಸಾಕು. ಮುರಿದ ಗರಿಯವು ಸರ್ವಿಸ್ ಗುರಿಯಿಟ್ಟು ಹೊಡೆಯಲು ಮಾತ್ರ. ಮುರಿದ ಗರಿಯ ಶಟಲಿನಲ್ಲಿ ಹಿಂದಿನ ಗೆರೆಯಿಂದ ಟಾಸ್ (ಎದುರಿನ ಹಿಂದಿನ ಗೆರೆಯ ತನಕ ಎತ್ತರಕ್ಕೆ ಹೊಡೆಯುವ ಹೊಡೆತ) ಅಭ್ಯಾಸ ಮಾಡಿಸಿದರೆ ಅದು ಓಲಾಡುತ್ತಾ ಬರುವುದಕ್ಕೆ ಮಗುವಿನ ಕೈ ಒಗ್ಗಿಹೋಗುತ್ತದೆ, ಒಳ್ಳೆಯ ಶಟಲ್ ಬಂದಾಗ ಟೈಮಿಂಗ್ ತಪ್ಪುತ್ತದೆ. ಇದು ಉಳಿತಾಯದ ಹೆಸರಿನಲ್ಲಿ ಆಗುವ ದೊಡ್ಡ ನಷ್ಟ.

ಬೆಂಗಳೂರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಊರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಗಾಳಿ ತೆಳು, ಶಟಲ್ ಕರಾವಳಿಯ ಊರುಗಳಿಗಿಂತ ಸ್ವಲ್ಪ ದೂರ ಹಾರುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ವೇಗದ ಸಂಖ್ಯೆ ಇಲ್ಲಿಗೆ ಒಂದು ಕಡಿಮೆಯದ್ದು ಹೊಂದುತ್ತದೆ, 77ರ ಬದಲು 76 ಎನ್ನುವ ಹಾಗೆ. ಸರಿಯಿದೆಯೇ ಎಂದು ನೋಡಲು ನಿಯಮದಲ್ಲೇ ಪರೀಕ್ಷೆ ಇದೆ. ಹಿಂದಿನ ಗೆರೆಯ ಮೇಲೆ ಶಟಲ್ ಹಿಡಿದು, ಪಕ್ಕದ ಗೆರೆಗೆ ಸಮಾನಾಂತರವಾಗಿ, ಕೆಳಗಿನಿಂದ ಮೇಲಕ್ಕೆ ಪೂರ್ತಿ ಬಲದಲ್ಲಿ ಹೊಡೆದರೆ ಅದು ಎದುರಿನ ಹಿಂದಿನ ಗೆರೆಗಿಂತ 530ರಿಂದ 990 ಮಿ.ಮೀ. ಈಚೆಗೆ ಬೀಳಬೇಕು. ಫೆಬ್ರುವರಿಯಿಂದ ಏಪ್ರಿಲ್ ತನಕದ ಒಣಹವೆಗೆ ಗರಿಗಳು ಪೆಡಸಾಗಿ ಬೇಗ ಮುರಿಯುತ್ತವೆ. ಹಿಂದಿನ ರಾತ್ರಿ ಡಬ್ಬಿಯ ಮುಚ್ಚಳ ತೆಗೆದು, ಗರಿಗಳಿಗೆ ಮಾತ್ರ ಕೆಲವು ಸೆಕೆಂಡು ಆವಿ ಹಿಡಿದು, ಮುಚ್ಚಿಟ್ಟರೆ ಬಾಳಿಕೆ ಹೆಚ್ಚುತ್ತದೆ. ಬೆಂಡಿನ ಬುಡಕ್ಕೆ ಆವಿ ತಾಗಿಸಬಾರದು, ನೀರು ಹೀರಿ ತೂಕ ಏರುತ್ತದೆ.

ಹೀರೊನನ್ನು ಭೇಟಿಯಾದ ಮಕ್ಕಳ ಮನೆಗಳಲ್ಲಿ ಆಮೇಲಿನ ತಿಂಗಳು ಅಪಾಯದ ತಿಂಗಳು. ವಾರಕ್ಕೆ ಮೂರು ದಿನ ಇದ್ದದ್ದು ಏಳು ದಿನವಾಗುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಟ್ರಾಫಿಕ್ ಶುರುವಾಗುವ ಮುಂಚೆ ಊರಿನ ಇನ್ನೊಂದು ತುದಿಯ ಕೋರ್ಟಿಗೆ, ಅಲ್ಲಿಂದ ಶಾಲೆಗೆ, ಸಂಜೆ ಮತ್ತೆ ಕೋರ್ಟಿಗೆ. ಬೆಳೆಯುವ ಮೂಳೆ ಇದನ್ನು ತಡೆಯದು. ಹಿಮ್ಮಡಿಯಲ್ಲಿ, ಮಂಡಿಚಿಪ್ಪಿನ ಕೆಳಗೆ ನೋವು ಶುರುವಾಗುತ್ತದೆ. ಕ್ರೀಡಾ ವೈದ್ಯರು ಸಾಮಾನ್ಯವಾಗಿ ಹೇಳುವ ಅಳತೆ ಸುಲಭದ್ದು, ಮಗುವಿನ ವಯಸ್ಸು ಎಷ್ಟೋ ವಾರಕ್ಕೆ ಅದಕ್ಕಿಂತ ಹೆಚ್ಚು ಗಂಟೆ ಒಂದೇ ಆಟದ ತರಬೇತಿ ಬೇಡ. ಹತ್ತು ವರ್ಷಕ್ಕೆ ಹತ್ತು ಗಂಟೆ. ವಾರದಲ್ಲಿ ಒಂದು ದಿನವಾದರೂ ಪೂರ್ತಿ ರಜೆ. ವಾರ್ಮ್ ಅಪ್ ಆದ ಮೇಲೂ ಹೋಗದ ನೋವು, ಮರುದಿನ ಬೆಳಿಗ್ಗೆ ಕುಂಟಿಸುವ ನೋವು ಇದ್ದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಕಾಂಕ್ರೀಟಿನ ಮೇಲೆ ನೇರವಾಗಿ ತೆಳ್ಳನೆಯ ಮ್ಯಾಟ್ ಹಾಸಿದ ಕೋರ್ಟುಗಳಲ್ಲಿ ಮೊಣಕಾಲಿನ ಕೆಳಗಿನ ಮುಂಭಾಗ ನೋಯುವುದು ಸಾಮಾನ್ಯ. ಮ್ಯಾಟಿನ ಕೆಳಗೆ ಮರದ ಹಾಸು ಇದೆಯೇ ಎಂದು ಸೇರಿಸುವ ಮುಂಚೆ ಕೇಳಿ. ಓಟದ ಶೂ ಹಾಕಿಸಿ ಆಡಿಸಬೇಡಿ. ಅದರ ಹಿಮ್ಮಡಿ ಎತ್ತರ, ಪಕ್ಕಕ್ಕೆ ಎಗರಿದಾಗ ಪಾದ ಹೊರಳುತ್ತದೆ. ಗಮ್ ರಬ್ಬರಿನ ಅಟ್ಟೆಯ, ಚಪ್ಪಟೆ ಹಿಮ್ಮಡಿಯ ಶೂ ಬೇಕು.

ಭೇಟಿಗೇ ಬಂದರೆ, ಅದಕ್ಕೂ ಒಂದು ಹದವಿದೆ. ಪಂದ್ಯಕ್ಕೆ ಮುಂಚೆ ಯಾವ ಆಟಗಾರರನ್ನೂ ಮಾತಾಡಿಸಬಾರದು. ಮುಗಿದ ಮೇಲೂ ಮೈ ಆರಿ, ನೀರು ಕುಡಿದು, ಶೂ ಬಿಚ್ಚುವ ತನಕ ಕಾಯಬೇಕು. ಅಪ್ಪನೋ ಅಮ್ಮನೋ ಮಾತಾಡುವುದಕ್ಕಿಂತ ಮಗುವೇ ಕೇಳಲಿ, ಒಂದೇ ಪ್ರಶ್ನೆ ಕೇಳಲಿ. “ಚಾಂಪಿಯನ್ ಆಗೋದು ಹೇಗೆ ಸರ್?” ಎಂದರೆ “ಕಷ್ಟಪಡು” ಎಂಬ ಉತ್ತರ ಬರುತ್ತದೆ, ಪಾಪ ಅವರಾದರೂ ಇನ್ನೇನು ಹೇಳಿಯಾರು. “ಬ್ಯಾಕ್‌ಹ್ಯಾಂಡ್ ಮೂಲೆಗೆ ತಡವಾಗಿ ಹೋದಾಗ ಎಲ್ಲಿಗೆ ಹೊಡೀಬೇಕು ಸರ್?” ಎಂದು ಕೇಳಿದರೆ ಎದ್ದು ನಿಂತು ತೋರಿಸಿದರೂ ತೋರಿಸಿಯಾರು. ಉತ್ತರವನ್ನು ಅದೇ ಸಂಜೆ ಮಗುವಿನ ಕೈಯಲ್ಲೇ ನೋಟ್‌ಬುಕ್ಕಿನಲ್ಲಿ ಬರೆಸಿ. ಮರುದಿನ ಕೋಚಿನ ಎದುರು, ಅವರು ಹೀಗೆ ಹೇಳಿದರು, ನೀವು ಹೇಳಿಕೊಟ್ಟದ್ದು ತಪ್ಪು ಎಂದು ಶುರು ಮಾಡಿದರೆ ಅಲ್ಲಿಗೆ ಕಲಿಕೆ ನಿಂತಿತು. ಹೀಗೊಂದು ಮಾತು ಸಿಕ್ಕಿದೆ ಸರ್, ನಮ್ಮ ಆಟಕ್ಕೆ ಇದನ್ನು ಹೇಗೆ ಸೇರಿಸೋದು ಎಂದು ಕೇಳಬೇಕು. ಒಳ್ಳೆಯ ಕೋಚ್ ಅದನ್ನು ಮುಂದಿನ ತಿಂಗಳ ಅಭ್ಯಾಸದಲ್ಲಿ ಸೇರಿಸಿಕೊಳ್ಳುತ್ತಾರೆ.

ಇಷ್ಟೆಲ್ಲ ಸರಿಯಾಗಿ ನಡೆದರೂ ಹೆಚ್ಚಿನ ಮಕ್ಕಳು ಆಟಗಾರರಾಗುವುದಿಲ್ಲ. 13, 15, 17, 19 ಎಂದು ವಯೋಮಿತಿಯ ಮೆಟ್ಟಿಲು ಏರಿದಂತೆ ಜೊತೆಯವರು ಉದುರುತ್ತಾ ಹೋಗುತ್ತಾರೆ. ಆಡುವ ಆಸೆಯಿದ್ದರೆ ಜನನ ಪ್ರಮಾಣಪತ್ರ ಸರಿಯಿಟ್ಟುಕೊಂಡು ರಾಜ್ಯ ಸಂಸ್ಥೆಯ ಮೂಲಕ ನೋಂದಾಯಿಸಿ, ಭಾರತೀಯ ಬ್ಯಾಡ್ಮಿಂಟನ್ ಸಂಸ್ಥೆಯ ಗುರುತಿನ ಸಂಖ್ಯೆ ಪಡೆದು ರ‍್ಯಾಂಕಿಂಗ್ ಟೂರ್ನಿಗಳಿಗೆ ಇಳಿಯಬೇಕು. ಆದರೆ ಹತ್ತನೇ ವಯಸ್ಸಿನಲ್ಲಿ ಹೀರೊ ಹಚ್ಚಿದ ಆಸೆ ಹದಿನೇಳಕ್ಕೆ ರಾಜ್ಯ ತಂಡದಲ್ಲಿ ಜಾಗ ಸಿಗಲಿಲ್ಲ ಎಂದ ಮಾತ್ರಕ್ಕೆ ಹುಸಿಯಾಗುವುದಿಲ್ಲ. ಗಟ್ಟಿಂಗ್ ಕೆಲಸ ಇದೆ, ಒಳ್ಳೆಯ ಕೈ ಇದ್ದವರನ್ನು ಆಟಗಾರರು ಊರಾಚೆಯಿಂದಲೂ ಹುಡುಕಿಕೊಂಡು ಬರುತ್ತಾರೆ. ಲೈನ್ ಜಡ್ಜ್ ಆಗಿ ಕೂತು ಶುರು ಮಾಡಿ ರಾಜ್ಯ ಅಂಪೈರ್ ಪರೀಕ್ಷೆ, ರಾಷ್ಟ್ರೀಯ ಪರೀಕ್ಷೆ, ಏಷ್ಯಾ ಮಟ್ಟ ಎಂದು ಏರುವ ದಾರಿ ಇದೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಮಾಡಿ ಕೋಚ್ ಆಗಬಹುದು. ಬೆಂಗಳೂರಿನಲ್ಲಿ ಗಲ್ಲಿಗೊಂದು ಕೋರ್ಟು ಎದ್ದಿರುವ ಈ ಕಾಲದಲ್ಲಿ ಬಲ್ಲ ಕೋಚುಗಳಿಗೆ ಕೆಲಸಕ್ಕೆ ಬರವಿಲ್ಲ.

ನಮ್ಮ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡ ಕೊರತೆ ಕಾಣುವುದು ಆಟ ಬಲ್ಲ ಫಿಸಿಯೊಥೆರಪಿಸ್ಟರದ್ದು. ತಾನೇ ಕೋರ್ಟಿನಲ್ಲಿ ಮೊಣಕಾಲು ಹೊರಳಿಸಿಕೊಂಡವನಿಗೆ, ಲಂಜ್ ಮಾಡಿದಾಗ, ಅಂದರೆ ಒಂದು ಕಾಲನ್ನು ದೂರ ಚಾಚಿ ಬಾಗಿದಾಗ, ಎಲ್ಲಿ ನೋಯುತ್ತದೆ ಎಂದು ಪುಸ್ತಕ ನೋಡದೆ ಗೊತ್ತಿರುತ್ತದೆ. ಫಿಸಿಯೊಥೆರಪಿಯ ಬಿಪಿಟಿ ಪದವಿ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷಕ್ಕೂ ಮೀರಿದ ಓದು, ಆಮೇಲೆ ಕ್ರೀಡಾ ವಿಭಾಗದಲ್ಲಿ ಎಂಪಿಟಿ ಎಂಬ ಸ್ನಾತಕೋತ್ತರ ಪದವಿ ಎರಡು ವರ್ಷ. ಸೇರಲು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ಜೀವಶಾಸ್ತ್ರ ಓದಿರಬೇಕು. ಆಟದ ಹುಚ್ಚಿನಲ್ಲಿ, ಹಾಜರಾತಿ ಸುಲಭವೆಂದು ಬೇರೆ ವಿಷಯ ಆಯ್ದುಕೊಂಡವರಿಗೆ ಎರಡು ವರ್ಷದ ನಂತರ ಈ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲೇ, ಪಿಯು ಕಾಲೇಜಿನ ಅರ್ಜಿ ತುಂಬುವ ಮುಂಚೆ, ಮಗುವನ್ನು ಕೂರಿಸಿಕೊಂಡು ಮನೆಯವರು ಈ ಮಾತಾಡಬೇಕು. ಆ ಮಾತಿಗೆ ಕೋಚನ್ನೂ ಕರೆಯಿರಿ.